ಮೂಲೆಯ ಕಂಪ್ಯೂಟರಿನ ನಕ್ಷೆಗಳು

ಹತ್ತೊಂಬತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತವನಿಗೆ ಆ ಕುರ್ಚಿಯ ಮೇಲೆ ಆಸೆ ಇರಬಾರದೆಂದರೆ ಹೇಗೆ? ಬಾಳೇಶನಿಗೂ ಇತ್ತು. ಬೆಳಗಾವಿಯ ಆಟೋ ನಗರದಲ್ಲಿ ಪಾರೀಸಣ್ಣ ಸಾವಕಾರರ ಕಾರ್ಖಾನೆ. ಹಳೆಯ ಯಂತ್ರಗಳ ಮುರಿದ ಭಾಗಗಳನ್ನು ಹೊಸದಾಗಿ ಮಾಡಿಕೊಡುವುದು ಅಲ್ಲಿಯ ದಂಧೆ. ಖಾನಾಪುರದ ಹಂಚಿನ ಕಾರ್ಖಾನೆಯವರು ಅಜ್ಜನ ಕಾಲದ ಯಂತ್ರದ ಹಲ್ಲುಮುರುಕ ಗಾಲಿಯೊಂದನ್ನು ತಂದು ಹಾಕಿದರೆ, ಬಾಳೇಶ ಅದನ್ನು ಅಳೆದು, ಹೋದ ಹಲ್ಲು ಎಷ್ಟುದ್ದ ಇದ್ದೀತೆಂದು ಲೆಕ್ಕ ಹಾಕಿ ಕಂಪ್ಯೂಟರಿನಲ್ಲಿ ನಕ್ಷೆ ತೆಗೆಯುತ್ತಿದ್ದ. ಅಂಥವು ನಾಲ್ಕು ಸಾವಿರ ನಕ್ಷೆ. ಆ ಯಂತ್ರಗಳನ್ನು ಮಾಡಿದ ಕಂಪನಿಗಳೇ ಮುಚ್ಚಿ ಮಣ್ಣಾಗಿದ್ದವು, ಹಾಗಾಗಿ ಆ ನಕ್ಷೆಗಳು ಜಗತ್ತಿನಲ್ಲಿ ಮತ್ತೆಲ್ಲೂ ಸಿಗುವಂತಿರಲಿಲ್ಲ. ಅವು ಮೂಲೆಯ ಕಂಪ್ಯೂಟರಿನಲ್ಲಿದ್ದವು, ಅದರ ಮುಂದೆ ಬಾಳೇಶನಿದ್ದ.

ಸಾವಕಾರರಿಗೆ ಮೊಣಕಾಲು ಕೈಕೊಟ್ಟ ಮೇಲೆ ಮಗ ವೃಷಭ ಗಾದಿಗೆ ಬಂದ. ಬಂದವನೇ ಗಾಜಿನ ಟೇಬಲ್ ತರಿಸಿದ, ಅದರ ಮೇಲೆ ಹೊಸ ಕಂಪ್ಯೂಟರ್ ಕೂರಿಸಿದ. ಕೂರಿಸಿದರೆ ಏನಾಯಿತು? ಅದಕ್ಕೆ ಮೂಲೆಯ ಹಳೆಯದು ಕಾಣಲೇ ಒಲ್ಲದು. ಎರಡರ ನಡುವೆ ವೈರು ಎಳೆದದ್ದಾಯಿತು, ಮಾರಿದವರ ಕಡೆಯ ಎಂಜಿನಿಯರ್ ಬಂದು ಆ ವೈರು ಅಲ್ಲಾಡಿಸಿ ಚಹಾ ಕುಡಿದದ್ದಾಯಿತು. "ಇದನ್ನ ಮ್ಯೂಜಿಯಮ್ಮಿಗೆ ಕೊಡ್ರಿ" ಎಂದು ನಕ್ಕು ಅವನೂ ಹೋದ.

ಖಂಡೇ ಪೂಜೆಗೆ, ಅಂದರೆ ದಸರೆಯ ಆಯುಧಪೂಜೆಗೆ, ನಾಲ್ಕೇ ದಿನವಿತ್ತು. ವೃಷಭ ಬಾಳೇಶನನ್ನು ಕರೆದ. "ಬಾಳೇಶಣ್ಣ, ಖಂಡೇ ಪೂಜಿಯೊಳಗ ಎಲ್ಲಾ ನಕ್ಷಿ ನನ್ನ ಟೇಬಲ್ ಮ್ಯಾಲ ಕಾಣಬೇಕ್ರಿ. ಕಂಡ್ರ ನಕ್ಷಿ ಕೆಲಸ ಎಲ್ಲಾ ನಿಮ್ಮ ಕೈಯಾಗ. ಇಲ್ಲಂದ್ರ ನಿಮ್ಮನ್ನ ಇಟಗೊಂಡು ನಾ ಏನ ಮಾಡ್ಲಿ, ನೀವ ಹೇಳ್ರಿ."

ಐವತ್ತೆರಡರ ವಯಸ್ಸಿನಲ್ಲಿ ಇನ್ನೊಂದು ಬಾಗಿಲು ಬಡಿಯಲು ಆಗುತ್ತದೆಯೇ? ಬಾಳೇಶ ಹೂಂ ಎಂದ. ಮೂರು ದಿನ ಊಟ ನೀರು ನೆನಪಿಲ್ಲದೆ ಆ ಎರಡು ಪೆಟ್ಟಿಗೆಗಳ ನಡುವೆ ಓಡಾಡಿದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು! ಎರಡಕ್ಕೂ ಒಂದೇ ಗುಂಪಿನ ಹೆಸರು ಕೊಟ್ಟ, ಕಾಣಲಿಲ್ಲ. ಹಳೆಯದರ ನೆಟ್‌ವರ್ಕ್ ನಂಬರು ಹೊಡೆದು ಅದನ್ನು ಕೂಗಿದ. ಇದ್ದೇನೆ ಎಂದು ಉತ್ತರ ಬಂತು, ಫೋಲ್ಡರ್ ಮಾತ್ರ ತೆರೆಯಲಿಲ್ಲ. ಕಡೆಗೆ ಗುಟ್ಟು ತಿಳಿಯಿತು. ಫೈಲು ಹಂಚಿಕೊಳ್ಳಲು ಹಳೆಯದಕ್ಕೆ ಗೊತ್ತಿದ್ದದ್ದು ಒಂದೇ ಹಳೆಯ ಪದ್ಧತಿ. ವೈರಸ್ಸಿನ ಭಯಕ್ಕೆ ಹೊಸದರಲ್ಲಿ ಆ ಪದ್ಧತಿಯನ್ನೇ ಬಂದ್ ಮಾಡಿಟ್ಟಿದ್ದರು. ಸೆಟ್ಟಿಂಗಿನ ತಳದಲ್ಲೆಲ್ಲೋ ಅಡಗಿದ್ದ ಅದರ ಹೆಸರನ್ನು ಹುಡುಕಿ, ಟಿಕ್ ಹಾಕಿ, ಹೊಸದನ್ನು ಮತ್ತೆ ಚಾಲೂ ಮಾಡಿದ. ಆಗ ಪಾಸ್‌ವರ್ಡ್ ಕೇಳಿತು. ಎರಡರಲ್ಲೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟ. ಮೂರನೆಯ ದಿನ ಸಂಜೆ ನಾಲ್ಕಕ್ಕೆ ಗಾಜಿನ ಟೇಬಲ್ಲಿನ ಮೇಲೆ ಫೋಲ್ಡರುಗಳು ಸಾಲಾಗಿ ಬಂದು ನಿಂತವು. "ಬಂತಲೇ ಮಗನ!" ಎಂದು ಒಬ್ಬನೇ ಕೂಗಿದ.

ಒಂದು ಕೆಲಸ ಮಾತ್ರ ಅವನು ಮಾಡಲಿಲ್ಲ. ನಕ್ಷೆಗಳನ್ನು ಹೊಸದಕ್ಕೆ ಕಾಪಿ ಮಾಡಲಿಲ್ಲ. ದಾರಿ ತೆರೆದ ಮೇಲೆ ಅದು ಅರ್ಧ ತಾಸಿನ ಕೆಲಸ. ಆದರೂ ಒಂದು ಶಾರ್ಟ್‌ಕಟ್ಟು ಮಾಡಿಟ್ಟು ಸುಮ್ಮನಾದ. ಅದನ್ನು ಒತ್ತಿದರೆ ಹೊಸದು ಹೋಗಿ ಹಳೆಯದರೊಳಗೆ ಇಣುಕಿ ನೋಡುತ್ತಿತ್ತು, ಅಷ್ಟೇ. "ಸಣ್ಣ ಸಾವಕಾರ್ರ, ಹಳೇದು ಯಾವಾಗ್ಲೂ ಚಾಲೂ ಇರಬೇಕ್ರಿ" ಎಂದು ಹೇಳಿದ್ದು ನಿಜ. ಫೋನ್ ಕಿವಿಗೆ ಹಚ್ಚಿಕೊಂಡಿದ್ದ ವೃಷಭ ಹೂಂ ಹೂಂ ಎಂದದ್ದೂ ನಿಜ.

ಖಾನಾಪುರದ ಮನೆಯಲ್ಲಿ ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಹೆಂಡತಿ ಪ್ರಮಿಳಾ ಎಲ್ಲ ಕೇಳಿಸಿಕೊಂಡು ಕೈ ನಿಲ್ಲಿಸಿದಳು. "ಹಂಗಾರ ಖರೇ ನಕ್ಷಿ ಇನ್ನೂ ಹಳೇದ್ರಾಗ ಅದಾವು. ಅವರಿಗಿ ಬಿಡಿಸಿ ಹೇಳಿರೇನು?"

"ಚಾಲೂ ಇಡ್ರಿ ಅಂತ ಹೇಳೇನಿ."

"ಅದು ಅರ್ಧಾ ಹೇಳಿದಂಗಾತು. ಶಾಣ್ಯಾತನ ಭಾಳ ಆತು ನಿಮ್ಮದು."

ಆವತ್ತು ವೃಷಭ ಬಾಳೇಶನಿಗೆ ಬೆಳಗಾವಿಗೆ ಬರುವುದು ಬೇಡ, ಅಲ್ಲೇ ಹಂಚಿನ ಕಾರ್ಖಾನೆಗೆ ಹೋಗಿ ಮುರಿದ ಗಾಲಿಯೊಂದನ್ನು ಅಳೆದು ತರಬೇಕೆಂದು ಹೇಳಿದ್ದ. ಖಂಡೇ ಪೂಜೆಯ ಹಿಂದಿನ ದಿನ ಅದು. ಆಟೋ ನಗರದ ತುಂಬ ಯಂತ್ರ ತೊಳೆಯುವುದು, ಬೇಡವಾದದ್ದನ್ನು ಗುಜರಿಗೆ ಹಾಕುವುದು ನಡೆದಿರುತ್ತದೆ. ಬಾಳೇಶನಿಗೆ ಅದು ಗೊತ್ತಿಲ್ಲವೇ? ಪ್ರತಿ ವರ್ಷ ತಾನೇ ನಿಂತು ಹಾಕಿಸುತ್ತಿದ್ದ.

ಪೂಜೆಯ ದಿನ ಹೊಸ ಅಂಗಿ ತೊಟ್ಟು ಬಂದ. ಲೇತ್ ಯಂತ್ರಕ್ಕೆ ಬಾಳೆಕಂದು ಕಟ್ಟಿದ್ದರು, ಗಾಜಿನ ಟೇಬಲ್ಲಿನ ಕಂಪ್ಯೂಟರಿಗೆ ಚೆಂಡುಹೂವಿನ ಮಾಲೆ. ಮೂಲೆಯಲ್ಲಿ ಏನೂ ಇರಲಿಲ್ಲ. ಕುರ್ಚಿಯೂ ಇರಲಿಲ್ಲ.

"ಎಲ್ಲಾ ಮೋಡಕಾದವಗ ಕೊಟ್ಟ್ವಿ. ಎಷ್ಟ ಧೂಳ ಇತ್ತರಿ ಅದ್ರಾಗ!" ಎಂದ ವೃಷಭ. ಪೇಢೆಯ ಪೆಟ್ಟಿಗೆಯನ್ನು ಅವನ ಕೈಗಿಟ್ಟು ದನಿ ತಗ್ಗಿಸಿದ. "ಬಾಳೇಶಣ್ಣ, ಭಾಳ ದುಡದ್ರಿ ನೀವು. ಇನ್ನ ಮನ್ಯಾಗ ಆರಾಮ ಇರ್ರಿ. ನಕ್ಷಿ ಎಲ್ಲಾ ಈಗ ನಮ್ಮ ಕಡೆ ಬಂದಾವು."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ನಾಲ್ಕು ದಿನದ ಹಿಂದೆ ಮಾತು ಕೊಟ್ಟ ಬಾಯಿ ಅದೇ. ಹಾಳಾಗಿ ಹೋಗಲಿ ಎಂದು ಬಾಳೇಶ ತಿರುಗಿ ಹೊರಟುಬಿಡಬಹುದಿತ್ತು. ಆದರೆ ನಾಲ್ಕು ಸಾವಿರ ನಕ್ಷೆ ಅವನವೇ ಅಲ್ಲವೇ?

"ಬಂದಿಲ್ರಿ! ಅವು ಹಳೇದ್ರಾಗ ಅದಾವ್ರಿ, ಯಾವ ಮೋಡಕಾದವಗ ಕೊಟ್ರಿ?"

"ಹೋಗ್ರೀ, ಇಲ್ಲೇ ಅದಾವು" ಎಂದು ನಕ್ಕು ವೃಷಭ ಶಾರ್ಟ್‌ಕಟ್ಟು ಒತ್ತಿದ. ಪರದೆಯ ಮೇಲೆ ಹಸಿರು ಗೆರೆಯೊಂದು ನಿಧಾನವಾಗಿ ತೆವಳಿತು. ಕೆಲಸಗಾರರೆಲ್ಲ ಸುತ್ತ ಬಂದು ನಿಂತಿದ್ದರು. ಗೆರೆ ಮುಗಿದು, ದಾರಿ ಸಿಗಲಿಲ್ಲವೆಂದು ಕಂಪ್ಯೂಟರ್ ಹೇಳಿತು. ಅವನು ಮತ್ತೆ ಒತ್ತಿದ, ಮತ್ತೆ ಅದನ್ನೇ ಹೇಳಿತು. ವೃಷಭನ ಮುಖ ಕಪ್ಪಿಟ್ಟಿತು.

"ಬೇಕಂತ ಮಾಡಿರಿ ನೀವು!"

ಬಾಳೇಶ ಪೇಢೆಯ ಪೆಟ್ಟಿಗೆಯನ್ನು ಟೇಬಲ್ಲಿನ ಮೇಲಿಟ್ಟು ಹೊರಗೆ ಓಡಿದ.

ಮೋಡಕಾದವನ ಗುಜರಿ ಅಂಗಡಿ ಎರಡು ಗಲ್ಲಿ ಆಚೆ. ಪೂಜೆಗೆಂದು ಬಂದಿದ್ದ ಪಾರೀಸಣ್ಣ ಸಾವಕಾರರು ಕೋಲೂರಿಕೊಂಡು ಮಗನಿಗಿಂತ ಮುಂದೆ ಬಂದರು. ಅಂಗಡಿಯವ ಪಾಪ, ಅವನದೇನು ತಪ್ಪು? ಹಬ್ಬದ ಮಾಲು ತುಂಬಿ ತುಳುಕುತ್ತಿತ್ತು; ಕಂಪ್ಯೂಟರ್ ಡಬ್ಬಿಗಳನ್ನೆಲ್ಲ ನಿನ್ನೆಯೇ ಸುತ್ತಿಗೆಯಿಂದ ಒಡೆದು ತಾಮ್ರ ಬೇರೆ, ಅಲ್ಯುಮಿನಿಯಂ ಬೇರೆ ಮಾಡಿದ್ದ. ಹಾರ್ಡ್‌ಡಿಸ್ಕಿನ ಬಿಲ್ಲೆಗಳು ಯಾವವು ಯಾವುದರವೋ, ಸೊಟ್ಟಗಾಗಿ ಒಂದು ಬುಟ್ಟಿಯಲ್ಲಿ ಬಿದ್ದಿದ್ದವು. ವೃಷಭ ಅದರಲ್ಲೇ ಕೈಯಾಡಿಸತೊಡಗಿದ. ಬಾಳೇಶ ನೋಡಿ ಮುಖ ತಿರುಗಿಸಿದ.

ಸಾವಕಾರರು ಅವನ ತೋಳು ಹಿಡಿದು ಆಚೆ ಕರೆದೊಯ್ದರು. "ಬಾಳೇಶ, ನಾ ಸಿಟ್ಟಾಗೂದಿಲ್ಲ. ಖರೇ ಹೇಳು. ಮನ್ಯಾಗ ಒಂದ ಕಾಪಿ ಇಟ್ಟೀಯಲ್ಲಾ?"

ಹತ್ತೊಂಬತ್ತು ವರ್ಷ ಪ್ರತಿ ಸಂಜೆ ಗೇಟಿನಲ್ಲಿ ಊಟದ ಡಬ್ಬಿಯನ್ನೂ ಬಿಚ್ಚಿ ತೋರಿಸಿ ಹೋಗಿದ್ದ. ನಕ್ಷೆ ಹೊರಗೆ ಹೋದರೆ ನಿನ್ನ ಚರ್ಮ ಸುಲಿಯುತ್ತೇನೆಂದು ಹೇಳಿದವರು ಇವರೇ.

"ಇಲ್ರಿ ಸಾವಕಾರ್ರ. ಒಂದೂ ಒಯ್ದಿಲ್ಲ."

"ಕದ್ದಿದ್ರರ ಬದುಕತಿದ್ವಲ್ಲೋ" ಎಂದರು ಮುದುಕರು. "ಹೋಗಲಿ, ಹೊಸದ್ರಾಗರ ಯಾಕ ಹಾಕಲಿಲ್ಲ?"

ಬಾಳೇಶನಿಗೆ ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲ. "ಹಾಕಿದ್ರ ನನ್ನ ಕುರ್ಚಿ ಎಲ್ಲಿ ಉಳೀತಿತ್ರಿ?"

ಸಾವಕಾರರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಈಗ ಉಳೀತೇನು?" ಎಂದರು.

ಹಿಂದಿನಿಂದ ಇನ್ನೊಂದು ಟೆಂಪೋ ಬಂತು. ದಾರಿ ಬಿಡ್ರಿ, ಮಾಲ ಇಳಸಬೇಕು ಎಂದು ಗುಜರಿಯವ ಕೂಗಿದ. ಇಬ್ಬರೂ ಸರಿದು ನಿಂತರು.