ಮಧ್ಯಾಹ್ನ ನೋಡಿದ ರಕ್ತ

ಟೈಲರ್ ಅಂಕಲ್ ನಮ್ಮ ಪ್ರಾಣಿಗಳ ಆಸ್ಪತ್ರೆಯ ಮೇಜಿನ ಮೇಲೆ ಬಟ್ಟೆಚೀಲದ ಬಾಯಿ ಬಿಚ್ಚಿದರೂ ಬಾಬಿನ್ ತಲೆ ಎತ್ತಲಿಲ್ಲ.

"ನಿಮ್ಮ ಪೈಲ್ವಾನನ ರಕ್ತ ಹಾಕಿಸ್ಕೊಂಡು ಹದಿನೆಂಟು ದಿನ ಆಯ್ತಮ್ಮ. ಇವಳೂ ಕುಸ್ತಿಗೆ ಇಳೀತಾಳೆ ಅಂದ್ಕೊಂಡಿದ್ದೆ. ನೋಡಿದ್ರೆ ಹಳೇ ದಿಂಬಿನ ಚೀಲದ ಥರ ಬಿದ್ಕೊಂಡಿದಾಳೆ," ಎಂದರು.

ಬಾಬಿನ್ ಅವರ ಅಂಗಡಿಯ ಮುಂದೆ ಬೆಳೆದ ಬೀದಿ ಬೆಕ್ಕು. ಹೊಲಿಗೆ ಯಂತ್ರದ ಕೆಳಗಿನ ಚಿಂದಿ ರಾಶಿಯೇ ಅವಳ ಹಾಸಿಗೆ. ಅವತ್ತು ಸ್ಕೂಟರ್ ತಗುಲಿ ತೊಡೆ ಹರಿದು, ಮೈಯ ಅರ್ಧ ರಕ್ತ ಬಸಿದುಕೊಂಡು ಬಂದಿದ್ದಳು. ನಮ್ಮ ಆಸ್ಪತ್ರೆಯ ಮೆಟ್ಟಿಲ ಕೆಳಗೆ ಬಿಡಾರ ಹೂಡಿರುವ ಗಂಡು ಬೆಕ್ಕು ಪೈಲ್ವಾನನ ರಕ್ತ ಕೊಟ್ಟು ಉಳಿಸಿದೆವು. ಆ ರಕ್ತದಲ್ಲಿ ಸೋಂಕಿಲ್ಲ ಎಂದು ನೋಡಿ ಬರೆದುಕೊಟ್ಟವಳು ಇಲ್ಲಿ ಲ್ಯಾಬ್ ಕೆಲಸ ಮಾಡುವ ನಾನು.

ಡಾಕ್ಟರಮ್ಮ ಬಾಬಿನ್ನಳ ತುಟಿ ಎತ್ತಿದರು. ವಸಡು ಸುಣ್ಣ ಬಳಿದಂತಿತ್ತು, ಕಣ್ಣಂಚಿನಲ್ಲಿ ಹಳದಿ.

"ರಕ್ತ ಚೆನ್ನಾಗೇ ಇತ್ತಲ್ಲ, ಇವಳೇ ನೋಡಿದ್ದು," ಎಂದು ನನ್ನತ್ತ ತಿರುಗಿದರು. "ಕಿವಿ ಚುಚ್ಚಿ ಸ್ಲೈಡ್ ಮಾಡು. ಇಲ್ಲೇ, ಈಗಲೇ."

"ಮಾಡಮ್ಮ, ಮಾಡು. ಸೂಜಿ ಹಿಡಿಯೋರು ನಾವಿಬ್ರೂ, ನಾಚಿಕೆ ಯಾಕೆ?" ಎಂದರು ಟೈಲರ್ ಅಂಕಲ್.

ಜನರೆದುರು ಕೆಲಸ ಮಾಡುವುದೆಂದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಮೈಕ್ರೋಸ್ಕೋಪಿನ ಮೇಜು ಇರುವುದು ಚಿಕಿತ್ಸೆಯ ಕೋಣೆಯ ಮೂಲೆಯಲ್ಲೇ. ಬೆಳಗಿನ ಹೊತ್ತು ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪ್ರತಿಯೊಬ್ಬರೂ ನನ್ನ ಬೆನ್ನ ಹಿಂದೆ ನಿಂತು ಬಗ್ಗಿ ನೋಡುತ್ತಾರೆ. ಅದಕ್ಕೇ ರಕ್ತದ ಟ್ಯೂಬುಗಳನ್ನು ಫ್ರಿಜ್ಜಿನಲ್ಲಿಟ್ಟು, ಊಟದ ಹೊತ್ತಿಗೆ ಎಲ್ಲರೂ ಹೋದ ಮೇಲೆ ಒಬ್ಬಳೇ ಕೂತು ಸ್ಲೈಡ್ ಮಾಡುವುದು ನನ್ನ ರೂಢಿ. ಎರಡು ವರ್ಷದಿಂದ ಹಾಗೇ. ಯಾರೂ ಕೇಳಿರಲಿಲ್ಲ.

ಈ ಸಲ ಕಿವಿಯಿಂದ ಬಂದ ಹನಿಯನ್ನು ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಕಣ್ಣಿಟ್ಟೆ. ಕೆಂಪು ಕಣಗಳ ಅಂಚಿನಲ್ಲಿ ನೇರಳೆ ಚುಕ್ಕೆಗಳು. ಒಂದರಲ್ಲಿ ಎರಡು, ಇನ್ನೊಂದರಲ್ಲಿ ಐದು. ಬೆಕ್ಕಿನ ರಕ್ತಕಣಕ್ಕೆ ಅಂಟಿಕೊಂಡು, ಕಣವನ್ನೇ ಒಡೆದುಹಾಕುವ ಬ್ಯಾಕ್ಟೀರಿಯಾ.

ಮೆಟ್ಟಿಲ ಕೆಳಗೆ ಹೋಗಿ ಪೈಲ್ವಾನನ ಕಿವಿಯನ್ನೂ ಚುಚ್ಚಿ ಬಂದೆ. ಅಲ್ಲೂ ಅದೇ ಚುಕ್ಕೆಗಳು. ಅವನಿಗೇನೂ ಆಗಿಲ್ಲ, ಕಲ್ಲುಗುಂಡಿನಂತಿದ್ದಾನೆ. ಅವನಲ್ಲಿ ಅದು ಸುಮ್ಮನೆ ಕೂತಿದೆ.

ಟ್ಯೂಬಿನಲ್ಲಿ ಕೆಲವು ಗಂಟೆ ಇಟ್ಟರೆ ಈ ಬ್ಯಾಕ್ಟೀರಿಯಾ ಕಣಗಳಿಂದ ಕಳಚಿಕೊಳ್ಳುತ್ತದೆ, ಆಮೇಲೆ ನೋಡಿದರೆ ಏನೂ ಕಾಣದಿರಬಹುದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಕೊನೆಯ ವರ್ಷದ ಪರೀಕ್ಷೆಯಲ್ಲಿ ಬರೆದಿದ್ದೆ. ಪೂರ್ತಿ ಅಂಕ ಬಂದಿತ್ತು.

ಡಾಕ್ಟರಮ್ಮನನ್ನು ಔಷಧಿ ಕೋಣೆಗೆ ಕರೆದು, ಚುಕ್ಕೆಗಳ ಸಂಗತಿಯನ್ನೂ ಪೈಲ್ವಾನನ ರಕ್ತವನ್ನು ಫ್ರಿಜ್ಜಿನಲ್ಲಿಟ್ಟು ಮಧ್ಯಾಹ್ನ ನೋಡಿದ್ದನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು.

"ಮಾತ್ರೆ ಕೆಲಸ ಮಾಡೋಕೆ ಎರಡು ಮೂರು ದಿನ ಬೇಕು. ಅಲ್ಲೀವರೆಗೆ ಇವಳು ಉಳೀಬೇಕಂದ್ರೆ ಇವತ್ತೇ ರಕ್ತ ಬೇಕು. ಯಾರದ್ದು ಕೊಡೋಣ, ಹೇಳು? ರಕ್ತ ಕೊಡೋ ಬೆಕ್ಕುಗಳ ನಮ್ಮ ಪಟ್ಟೀಲಿರೋದೆಲ್ಲ ನೀನು ಮಧ್ಯಾಹ್ನ ನೋಡಿದ್ದೇ ತಾನೇ?"

ಬೆಕ್ಕು ಸಾಕಿದ್ದ ಪರಿಚಯದ ಎರಡು ಮನೆಗಳಿಗೆ ಅವರೇ ಫೋನ್ ಮಾಡಿದರು. ಒಂದು ಮನೆಯವರು ಊರಲ್ಲಿರಲಿಲ್ಲ. ಇನ್ನೊಂದು ಮನೆಯಾಕೆ, "ಬೀದಿ ಬೆಕ್ಕಿಗೋಸ್ಕರ ನಮ್ಮ ರಾಜಕುಮಾರನಿಗೆ ಸೂಜಿನಾ? ನೀವೊಳ್ಳೆ!" ಎಂದು ಇಟ್ಟುಬಿಟ್ಟರು.

ಮೆಟ್ಟಿಲ ಕೆಳಗೆ ಪೈಲ್ವಾನನ ಜೊತೆಗಿದ್ದ ಉಳಿದ ಮೂರು ಬೆಕ್ಕುಗಳನ್ನೂ ಹಿಡಿದೆ. ಮುಂಗೈಯೆಲ್ಲ ಪರಚಿಸಿಕೊಂಡು, ಜನರ ನಡುವೆಯೇ ಕೂತು ಸ್ಲೈಡ್ ನೋಡಿದೆ. ಎರಡರಲ್ಲಿ ಚುಕ್ಕೆಗಳಿದ್ದವು. ಮೂರನೆಯದರ ರಕ್ತದಲ್ಲಿ ಏನೂ ಕಾಣಲಿಲ್ಲ. ಆದರೆ ಅದು ಮರಿಗಳಿಗೆ ಹಾಲೂಡುತ್ತಿದ್ದ ತಾಯಿ, ಪಕ್ಕೆಲುಬು ಎಣಿಸಬಹುದಿತ್ತು. ಡಾಕ್ಟರಮ್ಮ ಅದರ ಹೊಟ್ಟೆ ಸವರಿ, "ಬಿಡು, ಇದರಿಂದ ತೆಗೆದ್ರೆ ಇದೂ ಹೋಗುತ್ತೆ," ಎಂದರು. ಆಮೇಲೆ ಬಾಗಿಲ ಕಡೆ ಗಲ್ಲ ತೋರಿಸಿದರು. "ಹೋಗು, ನೀನೇ ಹೇಳು."

ಟೈಲರ್ ಅಂಕಲ್ ಬೆಂಚಿನ ಮೇಲೆ ಕೂತು, ಬಾಬಿನ್ನಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದರು. ಬಾಯಿ ತೆರೆದು ಉಸಿರಾಡುತ್ತಿದ್ದಳು. ನಾನು ನಿಂತೇ ಹೇಳಿದೆ: ಗಾಯ ವಾಸಿಯಾಗಿತ್ತು, ಈ ರೋಗ ನಾವು ಕೊಟ್ಟ ರಕ್ತದಿಂದ ಬಂತು, ಆ ರಕ್ತವನ್ನು ನಾನು ತಡವಾಗಿ ನೋಡಿದ್ದರಿಂದ ರೋಗ ಕಾಣಲಿಲ್ಲ, ಈಗ ಕೊಡಲು ಬೇರೆ ರಕ್ತವಿಲ್ಲ.

ಅವರು ಬೆಕ್ಕಿನ ಕಿವಿಯ ಹಿಂದೆ ಹೆಬ್ಬೆರಳಾಡಿಸಿದರು. ಆಮೇಲೆ, ಏನೋ ದಾರಿ ಸಿಕ್ಕಿದವರಂತೆ ಮುಖ ಎತ್ತಿದರು.

"ಅಲ್ಲಮ್ಮ, ಆವತ್ತು ನೀನು ನೋಡಿದ್ದು ತಪ್ಪಾಗಿತ್ತು ಅಂತೀಯಲ್ಲ, ಇವತ್ತು ನೋಡಿದ್ದೂ ತಪ್ಪಿರಬಹುದಲ್ವಾ?"

ಹೌದು ಎಂದುಬಿಡಲು ನಾನು ಏನು ಬೇಕಾದರೂ ಕೊಡುತ್ತಿದ್ದೆ.

"ಇಲ್ಲ ಅಂಕಲ್," ಎಂದೆ. "ಇವತ್ತು ಸರಿಯಾಗೇ ನೋಡಿದೀನಿ."