ಎರಡು ಸಲ ಎಣಿಸಿದ ಜಾಡು

ಕಾಣದ ವಸ್ತುವನ್ನು ಹುಡುಕುವವರು ಬಹಳ ಮಂದಿ. ಅದಕ್ಕೆ ಸಂಬಳ ಸಿಗುವುದು ಕೆಲವರಿಗಷ್ಟೇ. ಆ ಮಟ್ಟಿಗೆ ನಮ್ಮ ಸಂಶೋಧಕಿ ಪುಣ್ಯವಂತೆ. ಪರಮಾಣುವಿನ ಒಡಲಿನ ಕ್ವಾರ್ಕುಗಳೆಂಬ ಕಣಗಳನ್ನು ಒಂದಕ್ಕೊಂದು ಅಂಟಿಸುವ ಗ್ಲುವಾನುಗಳು, ಕ್ವಾರ್ಕುಗಳ ಹಂಗೇ ಇಲ್ಲದೆ ತಮ್ಮ ಪಾಡಿಗೆ ತಾವು ಕೂಡಿ ಒಂದು ಕಣವಾಗಬಲ್ಲವೇ ಎಂದು ಎಂಟು ವರ್ಷದಿಂದ ಹುಡುಕುತ್ತಿದ್ದಳು. "ಆ ಅಂಟಿನುಂಡೆ ಸಿಕ್ತೇನೇ?" ಎಂದು ಅಮ್ಮ ಫೋನಿನಲ್ಲಿ ಕೇಳುವುದು, ಇವಳು "ಇನ್ನೂ ಇಲ್ಲಮ್ಮ" ಎನ್ನುವುದು ವಾಡಿಕೆಯಾಗಿತ್ತು. ಬೇಸರವೇನೂ ಇರಲಿಲ್ಲ; ಅವಳಿಗೆ ಹುಡುಕುವುದೇ ಹಿಡಿಸಿತ್ತು.

ಕಣಗಳು ಡಿಕ್ಕಿ ಹೊಡೆದಾಗ ಸಿಡಿದ ಚೂರುಗಳು ಯಂತ್ರದಲ್ಲಿ ಜಾಡು ಬಿಟ್ಟು ಹೋಗುತ್ತವೆ. ಜಾಡುಗಳನ್ನು ಕೂಡಿಸಿ ತೂಕ ಲೆಕ್ಕ ಹಾಕಿದರೆ, ಹೊಸ ಕಣವಿದ್ದ ಕಡೆ ನಕ್ಷೆಯಲ್ಲಿ ಉಬ್ಬು ಏಳಬೇಕು. ಆಸೆಗಣ್ಣು ಇಲ್ಲದ್ದನ್ನೂ ಕಾಣುತ್ತದೆಂದು, ಲೆಕ್ಕದ ವಿಧಾನ ಪಕ್ಕಾ ಆಗುವವರೆಗೆ ನಕ್ಷೆಯ ಆ ಭಾಗವನ್ನು ಮುಚ್ಚಿಟ್ಟಿರುತ್ತಾರೆ. ಶುಕ್ರವಾರ ಬೆಳಿಗ್ಗೆ ಅದನ್ನು ತೆರೆಯುವುದೆಂದು ಸೂಚನಾ ಫಲಕದಲ್ಲಿ ಚೀಟಿ ಬಿದ್ದಿತ್ತು.

ಅಂದೇ ಸಂಜೆ ತಂಡದ ಹಿರಿಯರು ನಿವೃತ್ತರಾಗುವವರಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು 'ತಾತ' ಎನ್ನುತ್ತಿದ್ದರು, ಅದು ತಾತನಿಗೂ ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ ಹೊಸ ಕಣ ಸಿಕ್ಕಿತೆಂದು ಊರಿಗೆಲ್ಲ ಸಾರಿ, ವರ್ಷ ತುಂಬುವುದರೊಳಗೆ ಅದು ಸುಳ್ಳೆಂದು ಬಯಲಾಗಿ ಅವರು ನಗೆಪಾಟಲಾಗಿದ್ದರು. ಹೋಗುವ ಮುಂಚೆ ಒಂದು ನಿಜವಾದ ಉಬ್ಬನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಆಸೆ.

ಗುರುವಾರ ಮಧ್ಯಾಹ್ನ ಅವಳು ಮುಚ್ಚಿಡದ ಭಾಗದ ಜಾಡುಗಳನ್ನು ಕೊನೆಯ ಸಲ ನೋಡುತ್ತಿದ್ದಳು. ಎರಡು ಜಾಡುಗಳು ಒಂದರ ಮೇಲೊಂದು ಮಲಗಿದ್ದವು. ಅವಳ ಪ್ರೋಗ್ರಾಮು ಒಂದೇ ಜಾಡನ್ನು ಎರಡೆಂದು ಎಣಿಸಿತ್ತು. ಸರಿಪಡಿಸಲು ಮೂರು ತಿಂಗಳು ಬೇಕು. ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ಸುಳ್ಳು ಉಬ್ಬೊಂದು ಎದ್ದು, ತಾತ ನಗುತ್ತ ಮನೆಗೆ ಹೋಗಬಹುದಿತ್ತು. ಅವರೆಂದರೆ ಅವಳಿಗೆ ಪ್ರಾಣ. ಕಾಲೆಳೆದುಕೊಂಡೇ ಅವರ ಕೋಣೆಗೆ ಹೋದಳು.

"ಸರ್, ನಾಳೆ ತೆರೆಯೋಕಾಗಲ್ಲ," ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಅರ್ಧ ಖಾಲಿಯಾದ ಕಪಾಟಿನ ಮುಂದೆ ನಿಂತಿದ್ದ ತಾತ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟರು. "ಯಾವಾಗ ಗೊತ್ತಾಯ್ತು?"

"ಈಗಷ್ಟೇ, ಹತ್ತು ನಿಮಿಷ ಆಯ್ತು."

"ಹತ್ತು ನಿಮಿಷಕ್ಕೇ ಬಂದು ಹೇಳಿಬಿಟ್ಯಲ್ಲಮ್ಮ." ಅವರು ಕುರ್ಚಿಯಲ್ಲಿ ಕುಳಿತರು. "ನಂದೂ ಇದೇ ತಪ್ಪು. ಆಮೇಲೆ ಬೇರೆಯವರು ಕಂಡುಹಿಡಿದ್ರು ಅಂತ ಎಲ್ರೂ ಅಂದ್ಕೊಂಡಿದ್ದಾರೆ. ಸಾರೋ ಹಿಂದಿನ ದಿನವೇ ನಾನು ನೋಡಿದ್ದೆ ಕಣಮ್ಮ. ನೋಡಿಯೂ ಸುಮ್ಮನಿದ್ದೆ."

ತಾತ ಎದ್ದು ನೇರ ಸೂಚನಾ ಫಲಕಕ್ಕೆ ನಡೆದರು. ಶುಕ್ರವಾರದ ಚೀಟಿಗೆ ಅಡ್ಡಗೆರೆ ಎಳೆದು ಬರೆದರು: 'ಮುಂದೂಡಿದೆ. ಒಂದೇ ಜಾಡು ಎರಡು ಸಲ ಎಣಿಕೆ. ಕಂಡವಳು ಆಗಲೇ ಹೇಳಿದಳು. ಮೂವತ್ತು ವರ್ಷದ ಹಿಂದೆ ಕಂಡವನು ಹೇಳಲಿಲ್ಲ.' ಕೆಳಗೆ ಪೂರ್ತಿ ಸಹಿ ಹಾಕಿದರು.

ಕಾಫಿ ಲೋಟ ಹಿಡಿದು ಬಂದವರು ಅದನ್ನು ಓದಿ, ಮತ್ತೊಮ್ಮೆ ಓದಿದರು. ತಾತನ ಮುಖದಲ್ಲಿ ಎಂಟು ವರ್ಷದಲ್ಲಿ ಎಂದೂ ಕಾಣದ ನಿರಾಳ ಕಂಡು ಅವಳ ಎದೆಯೂ ಹಗುರಾಯಿತು.

"ಮೂರು ತಿಂಗಳಾದ್ಮೇಲೆ ನನ್ನನ್ನ ಒಳಗೆ ಬಿಡ್ತಾರೋ ಇಲ್ವೋ," ಎಂದರು ತಾತ.

"ಗೇಟಿಗೇ ಬಂದು ಕರ್ಕೊಂಡು ಹೋಗ್ತೀನಿ, ಸರ್."

"ಉಬ್ಬು ಏಳದಿದ್ರೂ?"

"ಏಳದಿದ್ರೂ."