ಬದುವಿನ ಕಡಜ

"ಬಿಗಿಯಾಗಿ ಎಳೀಲೇ ಸುಂಕಪ್ಪ," ಎಂದ ಗುರುಸಂಗಪ್ಪ, ಹಗ್ಗದ ತುದಿಯನ್ನು ಬದುವಿನ ಗಡಿಕಲ್ಲಿಗೆ ಒತ್ತಿ ಹಿಡಿದು. ಗುಂಡಿ ತೋಡಲು ಬಂದಿದ್ದ ಸುಂಕಪ್ಪ ಸನಿಕೆ ಕೆಳಗಿಟ್ಟು, ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ತಾಗಿಸಿದ. ಹೊಲ ಪಾಲಾದ ದಿನ ಅಳೆದು ಕತ್ತರಿಸಿದ ಹಗ್ಗ ಅದು. ಈಗ ನಾಲ್ಕು ಬೆರಳು ಜೋತು ಬಿತ್ತು.

"ನೋಡಿದ್ಯಾ? ಕಲ್ಲು ನನ್ನ ಕಡಿ ಸರಿದೈತಿ."

"ಮರ ದಪ್ಪ ಆಗೈತಲ್ರಿ ಯಜಮಾನ್ರ. ಅದು ಸರಿದೈತೋ, ಇದು ಸರಿದೈತೋ." ಸುಂಕಪ್ಪ ಹಗ್ಗ ಬಿಟ್ಟ. "ಅಣ್ಣಾರ ಹೆಣ ಮನ್ಯಾಗ ಕುಂತೈತಿ. ನೀವು ಹೊಲ ಅಳೀತೀರಿ."

"ಹೆಣ ಎಲ್ಲಿಗೂ ಓಡಂಗಿಲ್ಲ. ಹೊಲ ಓಡ್ತೈತಿ."

ಬೇವಿನ ಮರದ ಕಡೆಯದು ಗುರುಸಂಗಪ್ಪನ ಪಾಲು, ಬದುವಿನ ಆಚೆಯದು ಅಣ್ಣ ಪಾಲಾಕ್ಷಪ್ಪನದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಪಾಲಾಕ್ಷಪ್ಪ ನಿನ್ನೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಬದುವಿನ ಬುಡದಲ್ಲೇ ಮಣ್ಣು ಮಾಡಬೇಕೆಂದು ಅವನ ಹೆಂಡತಿ ಅನ್ನದಾನಮ್ಮ ಹಟ ಹಿಡಿದಿದ್ದಳು. ಗುರುಸಂಗಪ್ಪನ ಅನುಮಾನ ಅಲ್ಲಿಯೇ ಇತ್ತು. ಸಮಾಧಿ ಎದ್ದ ಮೇಲೆ ಆ ಜಾಗವನ್ನು ಯಾರು ಅಳೆಯುತ್ತಾರೆ? ಬದುಕಿದ್ದಾಗ ಸರಿಸಿದ್ದನ್ನು ಸತ್ತು ಖಾಯಂ ಮಾಡಿಕೊಳ್ಳುವ ಹೂಟ.

*

ಎಪ್ಪತ್ತಾರನೇ ಇಸವಿಯ ಒಂದು ಮುಂಜಾನೆ ಅವನು ಅದನ್ನು ಕಣ್ಣಾರೆ ಕಂಡಿದ್ದ. ಅಣ್ಣ ಉಸುಕಿನಲ್ಲಿ ಮಂಡಿಯೂರಿ, ಬದುವಿನ ಸಣ್ಣ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಈಚೆ ಪಾಲಿನೊಳಗೆ ಇಡುತ್ತಿದ್ದ. ಎತ್ತುವ ಮೊದಲು ಅತ್ತಿತ್ತ ನೋಡುತ್ತಿದ್ದ.

"ಏನಣ್ಣ, ಕಲ್ಲು ಸರಸಾಕತ್ತೀ?"

"ಸ್ವಲ್ಪ ಸುಮ್ನಿರು. ಅಕಿ ಬರೋ ಹೊತ್ತಾತು."

"ಯಾರು ಅಕಿ?"

"ಕಡಜ. ಮರಿಗೆ ಹುಳ ತರಾಕ ಹೋಗ್ಯಾಳ. ಗೂಡಿನ ಸುತ್ತ ಕಲ್ಲಿಟ್ಟಿದ್ದೆ, ಗುರ್ತು ಮಾಡ್ಕಂಡು ಹಾರಿದ್ಲು. ಈಗ ಅವನ್ನ ಈ ಕಡಿ ಇಟ್ಟೀನಿ. ಗೂಡಿಗೆ ಬರ್ತಾಳೋ ಕಲ್ಲಿಗೆ ಬರ್ತಾಳೋ ನೋಡ್ಬೇಕು." ಪಂಪ್‌ಸೆಟ್ಟಿನ ತಂತಿಯ ಮೇಲೆ ಕುಳಿತ ಹಸಿರು ಹಕ್ಕಿಯತ್ತ ಗಲ್ಲ ಎತ್ತಿದ. "ಆ ಕಳ್ಳಿಪೀರನೂ ಕಾಯಾಕತ್ತೈತಿ. ದಾರಿ ತಪ್ಪಿ ಸುತ್ತೋ ಹುಳ ಅದಕ್ಕ ಸಲೀಸು."

"ಪಗಾರ ತಗೊಳ್ಳೋ ಮನಷ್ಯಾ ಹುಳಕ್ಕ ಮೋಸ ಮಾಡಾಕ ಇಷ್ಟೊತ್ನ್ಯಾಗ ಎದ್ದು ಬರ್ತಾನಂದ್ರ ಯಾರು ನಂಬ್ತಾರಣ್ಣ?"

ಪಾಲಾಕ್ಷಪ್ಪ ನಕ್ಕುಬಿಟ್ಟ. ಆ ನಗೆಯನ್ನೇ ಗುರುಸಂಗಪ್ಪ ಸಾಕ್ಷಿ ಮಾಡಿಕೊಂಡ. ಕಡಜ ಬರುವ ತನಕ ಅವನು ನಿಲ್ಲಲಿಲ್ಲ. ಆಮೇಲೆ ಮಾತೂ ನಿಂತಿತು. ಕೇಳಿದರೆ ಅಣ್ಣ ಇಲ್ಲ ಎನ್ನುತ್ತಾನೆ, ಇಲ್ಲ ಎಂದರೆ ನಂಬಬೇಕಾಗುತ್ತದೆ ಎಂದು ಕೇಳುವುದನ್ನೇ ಬಿಟ್ಟ.

*

"ಅಳತಿ ಮುಗೀತೇನಪ್ಪ?"

ಗುರುಸಂಗಪ್ಪ ತಿರುಗಿದ. ಹೆಣದ ಬಳಿ ಇರಬೇಕಾಗಿದ್ದ ಅನ್ನದಾನಮ್ಮ ಬದುವಿನ ಮೇಲೆ ನಿಂತಿದ್ದಳು.

"ಊರಾಗ ರುದ್ರಭೂಮಿ ಇಲ್ಲೇನತ್ತಿಗಿ? ಇಲ್ಲೇ ಯಾಕ ಬೇಕು?"

"ಇಲ್ಲಿ ಕುಂತಷ್ಟು ಅವ್ರು ನನ್ನ ಜೋಡಿ ಕುಂತಿಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗೂ ಅನುಮಾನ ಇತ್ತು. ಬೆಳಕು ಹರಿಯಾದ್ರಾಗ ಯಾರನ್ನ ನೋಡಾಕ ಹೊಕ್ಕಾರ ಅಂತ. ಒಂದಿನ ಹಿಂದಿಂದ ಬಂದು ಜ್ವಾಳದಾಗ ಅಡಗಿ ನೋಡಿದೆ."

"ಏನು ಕಂಡ್ರಿ?"

"ಒಂದು ಹುಳದ ಮುಂದ ಕುಂತಿದ್ರು." ಮನೆಯತ್ತ ತಿರುಗಿದಳು. "ಅದೂ ಹೆಣ್ಣ ಬಿಡು."

ಅವಳು ಹೋದ ದಾರಿಯನ್ನೇ ಗುರುಸಂಗಪ್ಪ ನೋಡುತ್ತ ನಿಂತ. ಇದೂ ಅಣ್ಣ ಹೇಳಿಕೊಟ್ಟ ಮಾತಿರಬಹುದು ಅನ್ನಿಸಿತು.

"ಗುಂಡಿ ತೋಡೋ ಜಾಗದಾಗ ಕಲ್ಲದಾವ್ರಿ," ಎಂದ ಸುಂಕಪ್ಪ. ಬದುವಿನ ಆಚೆ, ಉಸುಕಿನಲ್ಲಿ, ಮುಷ್ಟಿಗಾತ್ರದ ಕಲ್ಲುಗಳು ಬಳೆಯಂತೆ ಕುಳಿತಿದ್ದವು. ಮೊನ್ನೆ ಪಾಲಾಕ್ಷಪ್ಪ ಇಟ್ಟವು.

"ಬದುವಿನ ಕಲ್ಲವು. ಈ ಕಡಿ ಕೊಡು." ಗುರುಸಂಗಪ್ಪ ಅವನ್ನು ತನ್ನ ಪಾಲಿನೊಳಗೆ ಇಳಿಸಿಕೊಂಡ. ಕೊನೆಯ ಕಲ್ಲು ಇನ್ನೂ ಕೈಯಲ್ಲಿರುವಾಗಲೇ ಕಿವಿಯ ಬಳಿ ಏನೋ ಗುಂಯ್‌ಗುಟ್ಟಿತು.

ನಡು ತೆಳ್ಳಗಿನ ಕಡಜ. ಕಾಲುಗಳಲ್ಲಿ ತನಗಿಂತ ಉದ್ದದ ಹಸಿರು ಹುಳ. ಅದು ಬದು ದಾಟಿ ನೇರ ಅವನ ಕಾಲ ಬಳಿ, ಕಲ್ಲುಗಳ ನಡುವೆ ಇಳಿಯಿತು. ಉಸುಕು ಕೆದರಿತು. ಎದ್ದಿತು, ಸುತ್ತಿತು, ಮತ್ತೆ ಅಲ್ಲೇ ಇಳಿದು ಕೆದರಿತು. ಅಲ್ಲಿ ಗೂಡಿರಲಿಲ್ಲ.

ತಂತಿಯ ಮೇಲೆ ಕಳ್ಳಿಪೀರ ಕತ್ತು ಓರೆ ಮಾಡಿತು.

"ಸುಂಕಪ್ಪ, ಸನಿಕಿ ತಡಿ." ಗುರುಸಂಗಪ್ಪ ಕೈಯಲ್ಲಿದ್ದ ಕಲ್ಲು ಕೆಳಗಿಟ್ಟ. "ಅಲ್ಲಿ ತೋಡಬ್ಯಾಡ."

"ಮತ್ತೆಲ್ರಿ?"

"ಈ ಕಡಿ. ಬೇವಿನ ಕೆಳಗ."

"ಅದು ನಿಮ್ಮ ಪಾಲು ಐತಲ್ರಿ."

"ತೋಡಂದೆ."

ಆಚೆಯ ಉಸುಕಿನಲ್ಲಿ ಬೆರಳು ತೂರುವಷ್ಟು ತೂತೊಂದು ಬಯಲಾಗಿ ಬಿದ್ದಿತ್ತು. ಗುರುಸಂಗಪ್ಪ ಮಂಡಿಯೂರಿ, ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಬದು ದಾಟಿಸಿ ಅದರ ಸುತ್ತ ಇಡತೊಡಗಿದ. ಪ್ರತಿಸಲ ಎತ್ತುವ ಮುಂಚೆ ಹಕ್ಕಿ ಎಲ್ಲಿದೆಯೆಂದು ಅತ್ತಿತ್ತ ನೋಡುತ್ತಿದ್ದ.

ಭಜನೆಯ ತಾಳ ಹತ್ತಿರವಾಗಿ, ಥಟ್ಟನೆ ನಿಂತಿತು. ಬಂಡಿದಾರಿಯಲ್ಲಿ ಬಂದ ಜನ ನಿಂತಲ್ಲೇ ನಿಂತರು.

"ಅಣ್ಣ ಸತ್ತ ದಿನಾನೂ ಬಿಡಲಿಲ್ಲ ನೋಡ್ರಿ," ಎಂದರು ಯಾರೋ. "ಕಲ್ಲು ಆ ಕಡಿ ಒತ್ತಾಕತ್ಯಾನ."

ಗುರುಸಂಗಪ್ಪ ತಿರುಗದೆ ಒಂದು ಕೈ ಎತ್ತಿದ. "ಸ್ವಲ್ಪ ಸುಮ್ನಿರ್ರಿ. ಅಕಿ ಬರೋ ಹೊತ್ತಾತು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಳೆಕಂದು ಕಟ್ಟಿ ಹೊತ್ತು ತಂದ ಹೆಣದ ವಿಮಾನದಲ್ಲಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಕುಳಿತಿದ್ದ ಪಾಲಾಕ್ಷಪ್ಪನ ಮುಖ ಮಾತ್ರ ಬದುವಿನ ಕಡೆಗೇ ಇತ್ತು.